ಆರ್‌ಸಿ ಕ್ರಾಲರ್‌ಗೆ ಕೈಯಲ್ಲೇ ಮಾಡಿದ ರ‍್ಯಾಕ್, ಗಾಡಿ ಮಗುಚುತ್ತಿದೆ

ಪ್ರಶ್ನೆ, ಯಾದಗಿರಿಯಿಂದ: ನನ್ನದು 1:10 ಅಳತೆಯ ರಾಕ್ ಕ್ರಾಲರ್, ಅಂದರೆ ನಿಜವಾದ ಗಾಡಿಯ ಹತ್ತನೇ ಒಂದು ಅಳತೆಯ, ಬಂಡೆ ಹತ್ತುವ ರಿಮೋಟ್ ಗಾಡಿ. ಕೋಟೆ ಬೆಟ್ಟದ ಬುಡದ ಬಂಡೆಗಳ ಮೇಲೆ ಓಡಿಸುತ್ತೇನೆ. ಸೈಕಲ್ ಕಡ್ಡಿ ಬೆಸೆದು ಮೇಲೆ ರ‍್ಯಾಕ್ ಕೂರಿಸಿದ್ದೇನೆ, ಸ್ಟೆಪ್ನಿ, ಡಬ್ಬಿ ಎಲ್ಲಾ ಇಟ್ಟಿದ್ದೇನೆ. ಈಗ ಓರೆ ಬಂಡೆ ಮೇಲೆ ಬೇಗ ಮಗುಚುತ್ತದೆ. ರ‍್ಯಾಕ್ ತೆಗೆಯೋಕೆ ಮನಸ್ಸಿಲ್ಲ, ಏನು ಮಾಡಲಿ?

ಕಲಬುರಗಿಯಿಂದ: ತೆಗೀಬೇಡಿ ಅಣ್ಣಾ, ಅಷ್ಟು ಚಂದ ಮಾಡಿದ್ದೀರಿ. ಮೇಲಿನ ಭಾರ ಇಳಿಸಿ, ಕೆಳಗಿನದು ಹೆಚ್ಚಿಸಿ. ಸ್ಟೆಪ್ನಿಯನ್ನು ಹಿಂದಿನ ಬಂಪರ್ ಹತ್ತಿರ ಕೆಳಗೆ ಕಟ್ಟಿ. ಡಬ್ಬಿಗಳನ್ನು ಫೋಮ್ ಶೀಟಿನಲ್ಲಿ ಕೊರೆದು ಮಾಡಿದರೆ ತೂಕವೇ ಇರಲ್ಲ. ನಿಜವಾದ 20 ಲೀಟರ್ ಜೆರಿ ಕ್ಯಾನ್ ಸುಮಾರು 47 ಸೆಂ.ಮೀ. ಎತ್ತರ, ಹಾಗಾಗಿ ನಿಮ್ಮದು 4.7 ಸೆಂ.ಮೀ. ಸಾಕು. ಅಳತೆ ತಪ್ಪಿದರೆ ಎಷ್ಟು ಬಣ್ಣ ಬಳಿದರೂ ಆಟಿಕೆ ಥರ ಕಾಣುತ್ತದೆ. ಆಮೇಲೆ ಮುಂದಿನ ಆಕ್ಸಲ್‌ಗೆ ಹಿತ್ತಾಳೆಯ ತೂಕ ಹಾಕಿ, ಏರು ಹತ್ತುವಾಗ ಮೂತಿ ಮೇಲೇಳುವುದು ಕಡಿಮೆಯಾಗುತ್ತದೆ.

ಬೀದರ್‌ನಿಂದ: ಇವರು ಹೇಳಿದ್ದು ಸರಿ. ಬಾಡಿ ಲೆಕ್ಸಾನ್ (ಪಾರದರ್ಶಕ ಪ್ಲಾಸ್ಟಿಕ್) ಆದರೆ ಬಣ್ಣ ಒಳಗಿನಿಂದ ಹೊಡೀಬೇಕು, ಧೂಳು, ತುಕ್ಕಿನ ಕಲೆ ಮಾತ್ರ ಹೊರಗೆ. ನಾನು ನಮ್ಮೂರ ಕೆಂಪು ಜಂಬಿಟ್ಟಿಗೆ ಪುಡಿಯನ್ನೇ ಜರಡಿ ಹಿಡಿದು ಬ್ರಷ್‌ನಿಂದ ಹಚ್ಚಿ, ಮೇಲೆ ಮ್ಯಾಟ್ ಕ್ಲಿಯರ್ (ಹೊಳಪಿಲ್ಲದ, ಬಣ್ಣವಿಲ್ಲದ ಲೇಪ) ಹೊಡೀತೀನಿ. ಅಂಗಡಿ ಬಣ್ಣಕ್ಕೆ ಆ ಕಳೆ ಬರಲ್ಲ.

ಪ್ರಶ್ನೆ ಕೇಳಿದವರು: ಸ್ಟೆಪ್ನಿ ಇವತ್ತೇ ಇಳಿಸ್ತೀನಿ. ಹಿತ್ತಾಳೆ ತೂಕ ಚಕ್ರದ ಒಳಗೆ ಹಾಕಿದರೂ ನಡೆಯುತ್ತಾ?

ಕಲಬುರಗಿಯಿಂದ: ನಡೆಯುತ್ತದೆ, ಮುಂದಿನ ಚಕ್ರಗಳಿಗೆ ಜಾಸ್ತಿ ಹಾಕಿ. ಆದರೆ ಸ್ಟೀರಿಂಗ್ ಸರ್ವೋಗೆ, ಅಂದರೆ ಮುಂದಿನ ಚಕ್ರ ಹೊರಳಿಸೋ ಪುಟ್ಟ ಮೋಟರ್‌ಗೆ, ಆ ಭಾರದ ಚಕ್ರ ತಿರುಗಿಸೋ ಶಕ್ತಿ ಇದೆಯಾ ನೋಡಿಕೊಳ್ಳಿ.