ಅಪ್‌ಡೇಟ್: ಜುಲೈ ಮಾಣಿಕ್ಯದ ಕತೆ ಕಡೆಗೂ ಮುಗಿಯಿತು

ಎರಡು ವಾರದ ಹಿಂದೆ ಕೇಳಿದ್ದೆನಲ್ಲ, ಅಕ್ಕನ ಮಗಳು ಜುಲೈಯಲ್ಲಿ ಹುಟ್ಟಿದವಳು, ಆ ತಿಂಗಳ ಹರಳು ಅಂತ ಮಾಣಿಕ್ಯದ ಉಂಗುರ ಬೇಕಂತೆ, ನನ್ನ ಹತ್ತಿರ ಇರುವುದು ಐದು ಸಾವಿರ, ಏನು ಮಾಡುವುದು ಅಂತ.

ಮಾಣಿಕ್ಯದ ಬದಲು ಗಾರ್ನೆಟ್ ಅನ್ನುವ ಕೆಂಪು ಹರಳು ತೆಗೊಳ್ಳಿ ಅಂದವರೇ ಹೆಚ್ಚು. ಉಡುಪಿ ರಥಬೀದಿಯಲ್ಲಿ ನೋಡಿದೆ. ಚಂದವೇ, ಆದರೆ ಬಣ್ಣ ಒಣಗಿದ ಪುನರ್ಪುಳಿ ಸಿಪ್ಪೆಯ ಹಾಗೆ ಕಪ್ಪುಗೆಂಪು. ಹುಡುಗಿಗೆ ಬೇಕಿದ್ದದ್ದು ಕೇಪಳ ಹೂವಿನ ಕೆಂಪು. ಮಾಣಿಕ್ಯದಂತೆಯೇ ಕಾಣುವ ಸ್ಪಿನೆಲ್ ಅನ್ನುವ ಇನ್ನೊಂದು ಹರಳು ಕೇಳಿದಲ್ಲೆಲ್ಲ "ಹಾಗಂದರೆ?" ಅಂದರು. ಬ್ರಿಟಿಷ್ ರಾಜಕಿರೀಟದ ದೊಡ್ಡ 'ಮಾಣಿಕ್ಯ' ನಿಜಕ್ಕೂ ಸ್ಪಿನೆಲ್ ಅಂತ ನಾನೇ ಪಾಠ ಹೇಳಿ ಬಂದೆ!

ಕೆಲಸಕ್ಕೆ ಬಂದದ್ದು ಲ್ಯಾಬಿನಲ್ಲಿ ಬೆಳೆಸಿದ ಮಾಣಿಕ್ಯ. ಅದು ಗಾಜಲ್ಲ ಮಾರಾಯ್ರೆ. ಗಣಿಯ ಮಾಣಿಕ್ಯದಲ್ಲಿರುವ ಅದೇ ಅಲ್ಯೂಮಿನಿಯಂ ಆಕ್ಸೈಡ್, ಕೆಂಪು ಕೊಡುವ ಅದೇ ಕ್ರೋಮಿಯಂ, ಹರಳುಗಳ ಗಡಸುತನ ಅಳೆಯುವ 'ಮೋಸ್' (Mohs) ಮಾಪಕದಲ್ಲೂ ಹತ್ತಕ್ಕೆ ಅದೇ 9. ಬೆಳ್ಳಿಯಲ್ಲಿ ಕಟ್ಟಿಸಿ 3,800ಕ್ಕೆ ಮುಗಿಯಿತು. ಬಿಲ್ಲಿನಲ್ಲಿ 'ಲ್ಯಾಬ್' ಅಂತ ಬರೆಸಿಕೊಳ್ಳಿ ಅಂದವರಿಗೆ ದೊಡ್ಡ ಥ್ಯಾಂಕ್ಸ್.

ಒಂದು ಕಡೆ 'ಅಸಲಿ' ಅಂತ 4,500ಕ್ಕೆ ತೋರಿಸಿದ್ದರು. ಬಿರುಕಿಗೆ ಸೀಸದ ಗಾಜು ತುಂಬಿದ್ದಾ ಅಂತ ಕೇಳಿದ್ದೇ ತಡ, ಪೆಟ್ಟಿಗೆ ಮುಚ್ಚಿದರು. ಅಂಥದ್ದು ನಿಂಬೆರಸ ತಾಗಿದರೂ ಹಾಳಾಗುತ್ತದೆ. ನಮ್ಮ ಅಡುಗೆಮನೆಯಲ್ಲಿ ಎಷ್ಟು ದಿನ ಬಾಳೀತು?

ನನಗೆ ಆಶ್ಚರ್ಯವಾದದ್ದು ಬೇರೆ: ತಿಂಗಳಿಗೊಂದು ಹರಳಿನ ಈಗಿನ ಪಟ್ಟಿ 1912ರಲ್ಲಿ ಅಮೆರಿಕದ ಆಭರಣ ವ್ಯಾಪಾರಿಗಳ ಸಂಘ ಗೊತ್ತುಮಾಡಿದ್ದಂತೆ! ಅವರಲ್ಲಿ ಮಾಣಿಕ್ಯ ಪ್ರೀತಿ, ಧೈರ್ಯದ ಗುರುತು. ನಮ್ಮ ನವರತ್ನದಲ್ಲಿ ಅದು ಸೂರ್ಯನದು, ಜುಲೈಗೂ ಅದಕ್ಕೂ ಸಂಬಂಧವೇ ಇಲ್ಲ. ಅಮ್ಮನಿಗೆ ಇದ್ಯಾವುದೂ ಬೇಡ. "ನನ್ನ ಕೆಂಪಿನ ಓಲೆಗೆ ಸರಿಯಾಗ್ತದೆ, ನಂಗೂ ಒಂದು ಮಾಡಿಸು" ಅಂತ ಕೂತಿದ್ದಾರೆ.