ನೈನ್-ಬಾಲ್ ಟೂರ್ನಿಯಲ್ಲಿ ರ‍್ಯಾಕ್ ಯಾರು ಮಾಡಬೇಕು, ಬ್ರೇಕ್ ಹೇಗಿರಬೇಕು? ಅನುಭವ ಇದ್ದವರು ಹೇಳಿ

ಕೇಳಿದವರು, ಬೆಂಗಳೂರು:
ನಮ್ಮ ಪೂಲ್ ಪಾರ್ಲರ್‌ನಲ್ಲಿ ಮುಂದಿನ ತಿಂಗಳು ನೈನ್-ಬಾಲ್ (1ರಿಂದ 9ರವರೆಗಿನ ಬಾಲ್‌ಗಳ ಪೂಲ್ ಆಟ, 9ನ್ನು ಸರಿಯಾಗಿ ಪಾಕೆಟ್‌ಗೆ ಹಾಕಿದವರು ಗೆದ್ದಂತೆ) ಟೂರ್ನಿ ಇದೆ. 16 ಜನ, ಮೊದಲು 5 ರ‍್ಯಾಕ್ (ಅಂದರೆ 5 ಆಟ) ಗೆದ್ದವರು ಮುಂದಿನ ಸುತ್ತಿಗೆ. ಹೋದ ಸಲ ಸೋತವರು ರ‍್ಯಾಕ್ ಮಾಡುತ್ತಿದ್ದರು, ಅಂದರೆ ಬಾಲ್‌ಗಳನ್ನು ಜೋಡಿಸುತ್ತಿದ್ದರು. ಗೆದ್ದವರು ಬ್ರೇಕ್, ಅಂದರೆ ಅವನ್ನು ಚದುರಿಸುವ ಮೊದಲ ಹೊಡೆತ, ಹೊಡೆಯುತ್ತಿದ್ದರು. ಅದರಿಂದಲೇ ಜಗಳ. "ಬೇಕಂತಲೇ ಸಡಿಲ ಬಿಟ್ಟಿದ್ದಾನೆ" ಅಂತ ಒಬ್ಬರು, "ಮತ್ತೆ ಮತ್ತೆ ಜೋಡಿಸು ಅಂತ ಸತಾಯಿಸುತ್ತಾನೆ" ಅಂತ ಇನ್ನೊಬ್ಬರು. ಈ ಸಲ ಮಾರ್ಕರ್ (ಪಾರ್ಲರ್‌ನಲ್ಲಿ ಟೇಬಲ್ ನೋಡಿಕೊಳ್ಳುವ ಹುಡುಗ) ಕೈಯಲ್ಲೇ ಮಾಡಿಸಬೇಕಾ? ಟೆಂಪ್ಲೇಟ್ ತರಿಸಬೇಕಾ? ಬ್ರೇಕ್ ಯಾರಿಗೆ ಕೊಡಬೇಕು? ರೆಫರಿ ಇಡುವಷ್ಟು ಜನ ನಮ್ಮಲ್ಲಿಲ್ಲ.

ಟೂರ್ನಿ ನಡೆಸುವವರೊಬ್ಬರು:
ಟೆಂಪ್ಲೇಟ್ ತರಿಸಿ, ಅದರಲ್ಲಿ ಎರಡು ಮಾತಿಲ್ಲ. ತೆಳ್ಳನೆಯ ಪ್ಲಾಸ್ಟಿಕ್ ಹಾಳೆ. ಅದರಲ್ಲಿ ಕತ್ತರಿಸಿದ ಜಾಗದಲ್ಲಿ ಬಾಲ್ ಇಟ್ಟರೆ ಒಂದಕ್ಕೊಂದು ತಾಗಿ ಕೂರುತ್ತವೆ. ಟ್ರಯಾಂಗಲ್ (ಬಾಲ್ ಜೋಡಿಸುವ ಮೂರು ಮೂಲೆಯ ಚೌಕಟ್ಟು) ಎತ್ತುವಾಗ ಆಗುವ ಸಣ್ಣ ಜರುಗಾಟ ಇದರಲ್ಲಿಲ್ಲ.

ಆದರೆ ಟೆಂಪ್ಲೇಟ್ ಒಂದನ್ನೇ ತಂದು ಸುಮ್ಮನಾದರೆ ಇನ್ನೊಂದು ಸಮಸ್ಯೆ ಶುರುವಾಗುತ್ತದೆ. ರ‍್ಯಾಕ್ ಪೂರ್ತಿ ಬಿಗಿಯಾಗಿದ್ದು ಮುಂದಿನ ತುದಿಯ 1ನೇ ಬಾಲ್ ಸ್ಪಾಟ್ (ಬಾಲ್ ಜೋಡಿಸಲು ಟೇಬಲ್ ಮೇಲಿರುವ ಗುರುತು) ಮೇಲಿದ್ದರೆ, ಅಗಲದ ಸಾಲಿನ ಎರಡು ತುದಿಯ ಬಾಲ್‌ಗಳು ಮೂಲೆ ಪಾಕೆಟ್ ಕಡೆಗೇ ಓಡುತ್ತವೆ. ಪಕ್ಕದ ಕುಶನ್ (ಟೇಬಲ್‌ನ ಅಂಚು) ಹತ್ತಿರದಿಂದ ಸರಿಯಾದ ವೇಗದಲ್ಲಿ ಹೊಡೆಯಲು ಕಲಿತವರಿಗೆ ಒಂದು ಬಾಲ್ ಹೆಚ್ಚುಕಡಿಮೆ ಖಾತ್ರಿ. ಜೋರಾಗಿ ಹೊಡೆಯುವ ಅಗತ್ಯವೂ ಇಲ್ಲ. 2001ರ ಯು.ಎಸ್. ಓಪನ್ ನೈನ್-ಬಾಲ್‌ನಲ್ಲಿ ಕೋರಿ ಡ್ಯುಯೆಲ್ ಮೆಲ್ಲಗೆ ಬ್ರೇಕ್ ಹೊಡೆದೇ ಹೆಸರು ಮಾಡಿದರು. ಫೈನಲ್‌ನಲ್ಲಿ ಮಿಕಾ ಇಮ್ಮೋನೆನ್ ಅವರನ್ನು 11-0 ಅಂತರದಲ್ಲಿ ಸೋಲಿಸಿದರು. ಅವರು ನಿಯಮ ಮುರಿಯಲಿಲ್ಲ, ರ‍್ಯಾಕನ್ನು ಎಲ್ಲರಿಗಿಂತ ಚೆನ್ನಾಗಿ ಓದಿದರು ಅಷ್ಟೆ. ನಿಯಮ ಬದಲಾಗಬೇಕಾಗಿ ಬಂದದ್ದೇ ಇಂಥ ಬ್ರೇಕ್‌ಗಳಿಂದ.

ದೊಡ್ಡ ಟೂರ್ನಿಗಳಲ್ಲಿ ಕಂಡುಕೊಂಡ ದಾರಿ ಎಂದರೆ 1ರ ಬದಲು 9ನ್ನು ಸ್ಪಾಟ್ ಮೇಲೆ ಇಡುವುದು. ಬಾಲ್‌ನ ಅಗಲ 57 ಮಿಲಿಮೀಟರ್ ಚಿಲ್ಲರೆ. 9 ಇರುವುದು 1ರಿಂದ ಎರಡು ಸಾಲು ಹಿಂದೆ. ಹಾಗಾಗಿ ಇಡೀ ರ‍್ಯಾಕ್ ಸುಮಾರು 10 ಸೆಂಟಿಮೀಟರ್ ಬ್ರೇಕ್ ಹೊಡೆಯುವವರ ಕಡೆಗೆ ಸರಿಯುತ್ತದೆ. ಆಗ ತುದಿಯ ಬಾಲ್ ಪಾಕೆಟ್‌ಗೆ ಹೋಗುವ ಬದಲು ಅದಕ್ಕೂ ಮುಂಚೆ ಉದ್ದ ಕುಶನ್‌ಗೆ ಬಡಿಯುತ್ತದೆ. 10 ಸೆಂಟಿಮೀಟರ್‌ನಿಂದ ಆಟವೇ ಬದಲಾಗುತ್ತದೆ, ಅದಕ್ಕೆ ಒಂದು ರೂಪಾಯಿಯೂ ಖರ್ಚಿಲ್ಲ.

ಜೊತೆಗೆ ಬ್ರೇಕ್ ಬಾಕ್ಸ್ ಇಡಿ. ಕ್ಯೂ ಬಾಲ್ (ಕೋಲಿನಿಂದ ಹೊಡೆಯುವ ಬಿಳಿ ಬಾಲ್) ಪಕ್ಕದ ಕುಶನ್‌ಗೆ ಅಂಟಿಸಿ ಹೊಡೆಯುವಂತಿಲ್ಲ, ಮಧ್ಯದ ಜಾಗದಿಂದಲೇ ಹೊಡೆಯಬೇಕು. ಬ್ರೇಕ್ ಕಡೆಯ ಗಿಡ್ಡ ಕುಶನ್ ಮೇಲೆ ಮೂರು ಡೈಮಂಡ್ ಗುರುತು ಇರುತ್ತವಲ್ಲ, ಆಚೀಚೆಯ ಎರಡರ ನಡುವಿನ ಜಾಗವನ್ನು ನಾವು ಬಾಕ್ಸ್ ಅಂತ ಇಟ್ಟುಕೊಂಡಿದ್ದೇವೆ. ಬಟ್ಟೆಯ ಮೇಲೆ ಪೆನ್ಸಿಲ್‌ನಲ್ಲಿ ತೆಳುವಾಗಿ ಗೆರೆ ಎಳೆದರೆ ಸಾಕು. ಮಾಲೀಕರನ್ನು ಮೊದಲೇ ಕೇಳಿಕೊಳ್ಳಿ.

ಹಿಂದೆ ಮಾರ್ಕರ್ ಆಗಿದ್ದವರು:
ಸರ್, ದಯವಿಟ್ಟು ಮಾರ್ಕರ್ ಮೇಲೆ ಈ ಭಾರ ಹಾಕಬೇಡಿ. ಶನಿವಾರ ಸಂಜೆ ಒಬ್ಬನೇ ಹುಡುಗ ನಾಲ್ಕೈದು ಟೇಬಲ್ ನೋಡಿಕೊಳ್ಳುತ್ತಿರುತ್ತಾನೆ. ಇಲ್ಲಿ ಸ್ಕೋರ್, ಅಲ್ಲಿ ಚಾಕ್, ಇನ್ನೊಂದು ಕಡೆ ಚಹಾ. ಅವನು ಓಡಿ ಬಂದು ಜೋಡಿಸಿದ ರ‍್ಯಾಕ್‌ನಲ್ಲಿ ಬ್ರೇಕ್ ಕೆಟ್ಟರೆ, "ದಿನಾ ಟಿಪ್ಸ್ ಕೊಡುವವರಿಗೆ ಚೆನ್ನಾಗಿ ಮಾಡುತ್ತಾನೆ" ಅಂತ ಮಾತು ಬರುತ್ತದೆ. ನನಗೂ ಬಂದಿದೆ. ಉತ್ತರ ಕೊಡಲು ಆಗುವುದಿಲ್ಲ, ಕೆಲಸ ಉಳಿಸಿಕೊಳ್ಳಬೇಕಲ್ಲ. ಆಡುವವರೇ ಮಾಡಿಕೊಳ್ಳಲಿ.

ಟೇಬಲ್ ಬಗ್ಗೆ ಎರಡು ಮಾತು. ತುಂಬಾ ಆಡಿದ ಬಟ್ಟೆಯಲ್ಲಿ ಸ್ಪಾಟ್ ಹತ್ತಿರ ಸಣ್ಣ ಸಣ್ಣ ಕುಳಿಗಳು ಬಿದ್ದಿರುತ್ತವೆ. ಬಾಲ್ ತಾನಾಗಿ ಆ ಕುಳಿಗೆ ಉರುಳುತ್ತದೆ, ಟ್ರಯಾಂಗಲ್ ಎತ್ತಿದ ತಕ್ಷಣ ಸಂದು ಬೀಳುತ್ತದೆ. ನಿಮ್ಮಲ್ಲಿ ಜಗಳ ಆದ ರ‍್ಯಾಕ್‌ಗಳಲ್ಲಿ ಎಷ್ಟೋ ಹೀಗೇ ಆಗಿರಬಹುದು, ಯಾರೂ ಬೇಕಂತ ಮಾಡಿರುವುದಿಲ್ಲ. ಬಾಲ್ ಕೂರಲಿ ಅಂತ ಇನ್ನೊಂದು ಬಾಲ್‌ನಿಂದ ಮೇಲೆ ಕುಟ್ಟುವವರಿದ್ದಾರೆ. ಅದನ್ನು ಬಿಡಿಸಿ, ಕುಳಿ ಆಳವಾಗುವುದೇ ಅದರಿಂದ. ಪ್ರತಿ ಪಂದ್ಯಕ್ಕೂ ಮುಂಚೆ ಆ ಜಾಗವನ್ನು ಬ್ರಷ್ ಮಾಡಿಸಿ. ಬಾಲ್‌ಗಳನ್ನು ಬೆಳಿಗ್ಗೆಯೇ ತೊಳೆದು ಒರೆಸಿಡಿ. ಮೇಲೆ ಚಾಕ್ ಪುಡಿ ಅಂಟಿದ ಬಾಲ್‌ಗಳು ಸರಿಯಾಗಿ ತಾಗುವುದಿಲ್ಲ.

ಟೆಂಪ್ಲೇಟ್ ಬ್ರೇಕ್ ಆದ ಮೇಲೆ ತೆಗೆಯಬೇಕು. ಅದರ ಮೇಲೆ ಬಾಲ್ ನಿಂತಿದ್ದರೆ ಎಳೆಯಬೇಡಿ, ಬಾಲ್ ಸರಿದ ಮೇಲೆ ತೆಗೆಯಿರಿ.

ಆಟಗಾರ, ಮೈಸೂರು:
ಮೇಲಿನವರು ಹೇಳಿದ್ದನ್ನು ಒಪ್ಪುತ್ತೇನೆ. ಆದರೆ ಬ್ರೇಕ್ ಹೊಡೆಯುವವರೇ ಪೂರ್ತಿ ಜೋಡಿಸಿಕೊಂಡರೆ ಇನ್ನೊಂದು ತೊಂದರೆ ಇದೆ. 1 ಮುಂದೆ, 9 ನಡುವೆ ಅಂತ ಮಾತ್ರ ನಿಯಮ. ಉಳಿದವು ಯಾವ ಲೆಕ್ಕವೂ ಇಲ್ಲದೆ ಎಲ್ಲಿ ಬೇಕಾದರೂ ಇರಬೇಕು. ಆದರೆ 2 ಮತ್ತು 3ನ್ನು ಪ್ರತಿ ಸಲ ಒಂದೇ ಜಾಗದಲ್ಲಿ ಇಡುವವರನ್ನು ನೋಡಿದ್ದೇನೆ. ಬ್ರೇಕ್ ಆದ ಮೇಲೆ ಅವು ಸುಮಾರಾಗಿ ಯಾವ ಕಡೆ ಹೋಗುತ್ತವೆ ಅಂತ ಅವರಿಗೆ ಗೊತ್ತು. ಇದು ಕಣ್ಣಿಗೆ ಕಾಣದ ಲಾಭ. ಸಡಿಲ ರ‍್ಯಾಕ್‌ಗಿಂತ ಇದೇ ನನಗೆ ಜಾಸ್ತಿ ಸಿಟ್ಟು ತರಿಸುತ್ತದೆ.

ನಮ್ಮ ಕಡೆ ಹೀಗೆ ಮಾಡುತ್ತೇವೆ. ಬಾಲ್‌ಗಳನ್ನು ಟೆಂಪ್ಲೇಟ್ ಮೇಲೆ ಎದುರಾಳಿ ಇಡುತ್ತಾರೆ. ಯಾವ ಬಾಲ್ ಎಲ್ಲಿ ಅನ್ನುವುದು ಅವರ ಕೈಯಲ್ಲಿ. ಆಮೇಲೆ ಬ್ರೇಕ್ ಹೊಡೆಯುವವರು ಬಂದು ಬೆರಳಲ್ಲಿ ಒತ್ತಿ ಬಿಗಿ ಮಾಡಿಕೊಳ್ಳುತ್ತಾರೆ, ಜಾಗ ಬದಲಿಸುವಂತಿಲ್ಲ. ಸಡಿಲ ಇದ್ದರೆ ದೂರಲು ಯಾರೂ ಉಳಿದಿಲ್ಲ, ಕೊನೆಗೆ ಮುಟ್ಟಿದ್ದು ಅವರೇ ಅಲ್ವಾ. ಬಗ್ಗಿ ನೋಡುವಾಗ 1 ತನ್ನ ಹಿಂದಿನ ಎರಡಕ್ಕೂ ತಾಗಿದೆಯಾ ಅಂತ ಮೊದಲು ನೋಡಿ. ಅಲ್ಲಿ ಒಂದು ಕಡೆ ಸಂದು ಇದ್ದರೆ ಹೊಡೆತದ ಬಲವೆಲ್ಲ ಇನ್ನೊಂದು ಕಡೆಗೇ ಹೋಗುತ್ತದೆ.

5 ರ‍್ಯಾಕ್‌ನ ಪಂದ್ಯಕ್ಕೆ ಸರದಿ ಬ್ರೇಕೇ ಸರಿ. ಗೆದ್ದವರಿಗೇ ಬ್ರೇಕ್ ಅಂದರೆ, ಕೈ ಕೂಡಿದವರು ಸತತ ಮೂರು ರ‍್ಯಾಕ್ ಓಡಿಸಿದರೆ ಎದುರಿನವರು ಕುರ್ಚಿಯಲ್ಲೇ ಸೋತರು. ಯುರೋಪ್ ಮತ್ತು ಅಮೆರಿಕ ಆಡುವ ಮೊಸ್ಕೋನಿ ಕಪ್‌ನಲ್ಲೂ ಹಲವು ವರ್ಷ 5ರ ಪಂದ್ಯ, ಸರದಿ ಬ್ರೇಕ್ ಇತ್ತು. ಆದರೆ ಪಂದ್ಯ 4-4 ಆದರೆ ಒಂಬತ್ತನೇ ರ‍್ಯಾಕ್‌ನ ಬ್ರೇಕ್ ಮೊದಲು ಹೊಡೆದವರಿಗೇ ಬರುತ್ತದೆ. ಹಾಗಾಗಿ ಮೊದಲ ಬ್ರೇಕ್‌ಗೆ ಟಾಸ್ ಹಾಕಬೇಡಿ, ಲ್ಯಾಗ್ ಮಾಡಿಸಿ. ಇಬ್ಬರೂ ಒಟ್ಟಿಗೆ ಬಾಲ್ ಹೊಡೆದು, ಆ ತುದಿಗೆ ಬಡಿದು ಈ ಕುಶನ್‌ಗೆ ಯಾರದ್ದು ಹತ್ತಿರ ನಿಲ್ಲುತ್ತದೋ ಅವರಿಗೆ ಬ್ರೇಕ್. ಅದಾದರೂ ಆಟದಿಂದ ಸಿಕ್ಕಿದ್ದು.

ಕೇಳಿದವರು:
ತುಂಬಾ ಉಪಕಾರ ಆಯ್ತು. ಎದುರಾಳಿ ಇಡುವುದು, ಬ್ರೇಕ್‌ನವರು ಬಿಗಿ ಮಾಡುವುದು, ಇದು ಹೊಳೆದೇ ಇರಲಿಲ್ಲ. ಇನ್ನೆರಡು ಪ್ರಶ್ನೆ. ಮೆಲ್ಲಗೆ ಬ್ರೇಕ್ ಹೊಡೆಯುವವರನ್ನು ತಡೆಯುವುದು ಹೇಗೆ? ಬ್ರೇಕ್‌ನಲ್ಲೇ 9 ಬಿದ್ದರೆ?

ಟೂರ್ನಿ ನಡೆಸುವವರೊಬ್ಬರು:
ಪೂಲ್ ಆಟದ ವಿಶ್ವ ಸಂಸ್ಥೆಯ ನೈನ್-ಬಾಲ್ ನಿಯಮದ ಪ್ರಕಾರ ಬ್ರೇಕ್‌ನಲ್ಲಿ ಒಂದಾದರೂ ಬಾಲ್ ಬೀಳಬೇಕು, ಇಲ್ಲವೇ ಕನಿಷ್ಠ ನಾಲ್ಕು ಬಾಲ್ ಕುಶನ್‌ಗೆ ಬಡಿಯಬೇಕು. ಎರಡೂ ಆಗದಿದ್ದರೆ ಫೌಲ್, ಕ್ಯೂ ಬಾಲ್ ಎದುರಾಳಿ ಕೈಗೆ. ಆದರೆ ಮೆಲ್ಲಗೆ ಹೊಡೆದು ಒಂದು ಬಾಲ್ ಹಾಕಿಬಿಟ್ಟರೆ ಈ ನಿಯಮ ಏನೂ ಮಾಡುವುದಿಲ್ಲ. ಅದಕ್ಕೇ ವೃತ್ತಿಪರ ಟೂರ್ನಿಗಳಲ್ಲಿ ಮೂರು ಬಾಲ್‌ಗಳ ನಿಯಮ ತಂದರು. ಬಿದ್ದವು ಮತ್ತು ಹೆಡ್ ಸ್ಟ್ರಿಂಗ್ ಮುಟ್ಟಿದವು ಸೇರಿ ಮೂರಾದರೂ ಆಗಬೇಕು. ಬ್ರೇಕ್ ಕಡೆ ಎರಡನೇ ಡೈಮಂಡ್ ನೇರಕ್ಕಿರುವ ಗೆರೆಯೇ ಹೆಡ್ ಸ್ಟ್ರಿಂಗ್. ರೆಫರಿ ಇಲ್ಲದಾಗ ಇದನ್ನು ನೋಡಲು ಎದುರಾಳಿ ಟೇಬಲ್ ಪಕ್ಕದಲ್ಲಿ, ಗೆರೆಯ ನೇರಕ್ಕೆ ನಿಲ್ಲಬೇಕು. ಕುಳಿತಲ್ಲಿಂದ ತಕರಾರು ಮಾಡಿದರೆ ಲೆಕ್ಕಕ್ಕಿಲ್ಲ ಅಂತ ಹೇಳಿಬಿಡಿ. ಅನುಮಾನ ಬಂದರೆ ತೀರ್ಪು ಹೊಡೆದವರ ಕಡೆಗೆ.

ಸರಿಯಾದ ಬ್ರೇಕ್‌ನಲ್ಲಿ 9 ಬಿದ್ದರೆ ರ‍್ಯಾಕ್ ಗೆದ್ದ ಹಾಗೆ. ಫೌಲ್ ಆಗಿ ಬಿದ್ದರೆ 9 ವಾಪಸ್ ಸ್ಪಾಟ್‌ಗೆ. ಇದನ್ನೂ, ಪುಶ್ ಔಟ್ (ಬ್ರೇಕ್ ಆದ ಕೂಡಲೇ, ಸಾಮಾನ್ಯ ನಿಯಮ ಬಿಟ್ಟು ಕ್ಯೂ ಬಾಲನ್ನು ಬೇಕಾದ ಕಡೆ ಸರಿಸುವ ಒಂದು ಹೊಡೆತ) ಇದೆಯೋ ಇಲ್ಲವೋ ಅನ್ನುವುದನ್ನೂ, ಮತ್ತೆ ಜೋಡಿಸಿ ಅಂತ ಎಷ್ಟು ಸಲ ಕೇಳಬಹುದು ಅನ್ನುವುದನ್ನೂ ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿ. ನಮ್ಮಲ್ಲಿ ಒಂದೇ ಸಲ. ಕ್ಯೂ ತುದಿ ಬಾಲ್‌ಗೆ ತಾಗಿದ ಮೇಲೆ ರ‍್ಯಾಕ್ ಬಗ್ಗೆ ಮಾತಿಲ್ಲ. ಡ್ರಾ ತೆಗೆಯುವ ಮುಂಚೆ 16 ಜನರೂ ಆ ಹಾಳೆಗೆ ಸಹಿ ಹಾಕಲಿ.