20 ವಾರದ ಸ್ಕ್ಯಾನ್‌ನಲ್ಲಿ ಟಿಜಿಎ (ಹೃದಯದ ಎರಡು ಮುಖ್ಯ ನಾಳಗಳು ಅದಲುಬದಲಾದ ಹುಟ್ಟುದೋಷ) ಅನುಮಾನ: ಹೆರಿಗೆಗೆ ಮೊದಲು ಏನೇನು ಗೊತ್ತಾಗಿರಬೇಕು?

ಪ್ರೋಬ್‌ಕೈ
20 ವಾರ 3 ದಿನದ ಅನಾಮಲಿ ಸ್ಕ್ಯಾನ್. ಹೃದಯದ ನಾಲ್ಕು ಕೋಣೆಗಳ ನೋಟದಲ್ಲಿ ತಪ್ಪು ಹಿಡಿಯಲು ಏನೂ ಇಲ್ಲ: ಎಡ ಬಲ ಸಮ, ನಡುಗೋಡೆ ಸರಿ, ಬಡಿತ ನಿಮಿಷಕ್ಕೆ 146. ಪ್ರೋಬನ್ನು ತಲೆಯ ಕಡೆ ಜಾರಿಸಿದರೆ ಮಾತ್ರ ಎರಡು ಮುಖ್ಯ ರಕ್ತನಾಳಗಳು ಒಂದನ್ನೊಂದು ದಾಟದೆ ಜೊತೆಜೊತೆಗೇ ಮೇಲೇರುತ್ತಿವೆ. ಮೂರು ನಾಳಗಳು ಕಾಣಬೇಕಾದ ಕಡೆ ಎರಡೇ ಕಾಣುತ್ತಿವೆ. ಟಿಜಿಎ ಅನುಮಾನ ಎಂದು ಬರೆದು ಫೀಟಲ್ ಎಕೊಗೆ (ಗರ್ಭದ ಮಗುವಿನ ಹೃದಯದ ವಿಶೇಷ ಸ್ಕ್ಯಾನ್) ಕಳಿಸಿದರೆ, ಆ ವರದಿಯಲ್ಲಿ ಯಾವ ಪ್ರಶ್ನೆಗಳಿಗೆ ಉತ್ತರ ಇರಲೇಬೇಕು? ಮಗುವಿನ ಬೆಳವಣಿಗೆ ಚೆನ್ನಾಗಿದೆ. ಹುಟ್ಟಿದ 24 ಗಂಟೆಗೆ ಮಾಡುವ ಪಲ್ಸ್ ಆಕ್ಸಿಮೀಟರ್ ತಪಾಸಣೆಯವರೆಗೆ ಕಾಯಬಹುದೇ?

ಎಕೊಮೇಜು
ಕೊನೆಯ ಪ್ರಶ್ನೆಗೆ ಮೊದಲು: ಕಾಯಲೇಬಾರದು. ಗರ್ಭದಲ್ಲಿ ಆಮ್ಲಜನಕ ಕೊಡುವುದು ಮಾಸು, ಶ್ವಾಸಕೋಶವಲ್ಲ. ಅದಕ್ಕೇ ನಾಳ ಅದಲುಬದಲಾದರೂ ಮಗು ದುಂಡಗೆ ಬೆಳೆಯುತ್ತದೆ. ಹೊಕ್ಕುಳಬಳ್ಳಿ ಕತ್ತರಿಸಿದ ಮೇಲೆ ದೇಹದ ರಕ್ತ ದೇಹಕ್ಕೇ, ಶ್ವಾಸಕೋಶದ ರಕ್ತ ಶ್ವಾಸಕೋಶಕ್ಕೇ ಸುತ್ತುತ್ತದೆ. ಇವೆರಡು ಬೆರೆಯುವ ದಾರಿ ಕಿರಿದಾಗಿದ್ದರೆ ಗಂಟೆಗಳಲ್ಲಿ ಪರಿಸ್ಥಿತಿ ಕೈಮೀರುತ್ತದೆ.

ನಿಮ್ಮ ಅನುಮಾನ ಪಕ್ಕಾ ಮಾಡಿಕೊಳ್ಳಲು ಎಡ ಹೃತ್ಕುಕ್ಷಿಯಿಂದ (ಹೃದಯದ ಕೆಳಗಿನ ಕೋಣೆ) ಹೊರಟ ನಾಳವನ್ನು ಬೆನ್ನತ್ತಿ. ಅದು ಹಿಂದಕ್ಕೆ ಹೋಗಿ ಎರಡಾಗಿ ಕವಲೊಡೆದರೆ ಅದು ಶ್ವಾಸಕೋಶಕ್ಕೆ ಹೋಗುವ ಪಲ್ಮನರಿ ಆರ್ಟರಿ, ಅಂದರೆ ಟಿಜಿಎ. ಕಮಾನಾಗಿ ಬಾಗಿ ಕತ್ತಿಗೆ ಕವಲು ಕೊಟ್ಟರೆ ದೇಹಕ್ಕೆ ರಕ್ತ ಒಯ್ಯುವ ಮಹಾಪಧಮನಿ. ನಾಲ್ಕು ಕೋಣೆ ಸರಿ ಕಂಡಿತೆಂದು ಅಲ್ಲಿಗೇ ನಿಲ್ಲಿಸುವುದರಿಂದಲೇ ಈ ದೋಷ ಹೆಚ್ಚಾಗಿ ಕಣ್ತಪ್ಪುವುದು.

ವರದಿಯಲ್ಲಿ ನಾನು ಹುಡುಕುವುದು: ಕುಕ್ಷಿಗಳ ನಡುವೆ ರಂಧ್ರ ಇದೆಯೇ, ಪಲ್ಮನರಿ ದಾರಿಯಲ್ಲಿ ಅಡ್ಡಿ ಇದೆಯೇ, ಮಹಾಪಧಮನಿಯ ಕಮಾನು ಕಿರಿದಾಗಿದೆಯೇ, ಮತ್ತು ಎಲ್ಲಕ್ಕಿಂತ ಮುಖ್ಯವಾಗಿ ಫೊರಾಮೆನ್ ಓವೇಲ್ (ಮೇಲಿನ ಎರಡು ಕೋಣೆಗಳಾದ ಹೃತ್ಕರ್ಣಗಳ ನಡುವಿನ ಕಿಂಡಿ) ಹೇಗಿದೆ. ಅದರ ಪರದೆ ಸಲೀಸಾಗಿ ತೂಗಾಡುತ್ತಿದೆಯೋ, ಬಿಗಿದು ನಿಂತಿದೆಯೋ, ಅತಿಯಾಗಿ ಉಬ್ಬಿದೆಯೋ? ಡಕ್ಟಸ್‌ನಲ್ಲಿ (ಪಲ್ಮನರಿ ಆರ್ಟರಿಯನ್ನು ಮಹಾಪಧಮನಿಗೆ ಜೋಡಿಸುವ ನಾಳ) ರಕ್ತ ಹಿಮ್ಮುಖ ಹರಿದರೂ ಎಚ್ಚರ. ಇದನ್ನು 20 ವಾರದಲ್ಲಿ ಒಮ್ಮೆ ನೋಡಿದರೆ ಸಾಲದು, ಹೆರಿಗೆ ಹತ್ತಿರವಾದಾಗ ಮತ್ತೆ ನೋಡಬೇಕು. ಪರದೆ ಚೆನ್ನಾಗಿದೆ ಎಂದು ಬರೆದಿದ್ದರೂ ಅದು ಗ್ಯಾರಂಟಿ ಅಲ್ಲ.

ರಾತ್ರಿಪಾಳಿ_ಎನ್‌ಐಸಿಯು
ಮೇಲಿನ ಮಾತಿಗೆ ಒಂದು ಸೇರ್ಪಡೆ. ಪ್ರೋಸ್ಟಾಗ್ಲಾಂಡಿನ್ ಶುರುಮಾಡಿದರೆ ಮುಗಿಯಿತು ಎಂಬ ನಂಬಿಕೆ ಟಿಜಿಎಯಲ್ಲಿ ಅಪಾಯಕಾರಿ. ಅದು ತೆರೆದಿಡುವುದು ಡಕ್ಟಸನ್ನು. ರಕ್ತ ಬೆರೆಯಬೇಕಾದದ್ದು ಮುಖ್ಯವಾಗಿ ಹೃತ್ಕರ್ಣಗಳ ನಡುವೆ.

ಲೆಕ್ಕ ಹೀಗೆ: ಅಲ್‌ಪ್ರೊಸ್ಟಾಡಿಲ್ (ಇದೇ ಆ ಪ್ರೋಸ್ಟಾಗ್ಲಾಂಡಿನ್) 500 ಮೈಕ್ರೋಗ್ರಾಂನ ಒಂದು ಆಂಪ್ಯೂಲನ್ನು 5% ಡೆಕ್ಸ್‌ಟ್ರೋಸ್‌ನಲ್ಲಿ ಒಟ್ಟು 50 ಮಿ.ಲೀ. ಮಾಡಿದರೆ ಮಿ.ಲೀ.ಗೆ 10 ಮೈಕ್ರೋಗ್ರಾಂ. 3 ಕೆ.ಜಿ. ಮಗುವಿಗೆ ಕೆ.ಜಿ.ಗೆ ನಿಮಿಷಕ್ಕೆ 0.05 ಮೈಕ್ರೋಗ್ರಾಂ ಅಂದರೆ ಗಂಟೆಗೆ 9 ಮೈಕ್ರೋಗ್ರಾಂ, ಪಂಪಿನಲ್ಲಿ 0.9 ಮಿ.ಲೀ. ಡೋಸ್ 0.01 ಆದರೆ 0.18 ಮಿ.ಲೀ. ದಶಮಾಂಶ ಬಿಂದು ಒಂದು ಮನೆ ಸರಿದರೆ ಡೋಸ್ ಹತ್ತು ಪಟ್ಟಾಗುತ್ತದೆ, ಇಬ್ಬರು ಬೇರೆಬೇರೆಯಾಗಿ ಲೆಕ್ಕ ಹಾಕಲಿ. ಔಷಧದ ಪರಿಣಾಮ ನಿಮಿಷಗಳಲ್ಲಿ ಇಳಿದುಹೋಗುವುದರಿಂದ ಅದಕ್ಕೆ ಪ್ರತ್ಯೇಕ ಲೈನ್ ಬೇಕು, ಅದೇ ಲೈನ್‌ನಲ್ಲಿ ಬೇರೆ ಔಷಧ ತಳ್ಳಬೇಡಿ. ಉಸಿರು ನಿಲ್ಲುವುದು, ಜ್ವರ, ಮೈ ಕೆಂಪಾಗುವುದು, ಬಿಪಿ ಇಳಿಯುವುದು ಎಲ್ಲವೂ ನಿರೀಕ್ಷಿತ. ಅಂಬು ಬ್ಯಾಗ್ (ಕೈಯಿಂದ ಒತ್ತಿ ಉಸಿರು ಕೊಡುವ ಚೀಲ) ಪಕ್ಕದಲ್ಲೇ ಇರಲಿ.

ರಕ್ತದ ಆಮ್ಲಜನಕ ಸ್ಯಾಚುರೇಶನ್ 75–85% ಸಿಕ್ಕರೆ, ಲ್ಯಾಕ್ಟೇಟ್ (ಅಂಗಾಂಶಕ್ಕೆ ಆಮ್ಲಜನಕ ಸಾಲದಿದ್ದರೆ ರಕ್ತದಲ್ಲಿ ಹೆಚ್ಚುವ ಆಮ್ಲ) ಏರದಿದ್ದರೆ, ಅಷ್ಟು ಸಾಕು. 95ರ ಬೆನ್ನು ಹತ್ತಬೇಡಿ. ಡಕ್ಟಸ್ ತೆರೆದಿದ್ದೂ 60ರ ಆಸುಪಾಸಿನಲ್ಲೇ ಇದ್ದರೆ ಡೋಸ್ ಏರಿಸುವುದು ಉತ್ತರವಲ್ಲ. ಶ್ವಾಸಕೋಶಕ್ಕೆ ಹೆಚ್ಚು ರಕ್ತ ಹೋಗಿ, ಎಡ ಹೃತ್ಕರ್ಣದ ಒತ್ತಡ ಏರಿ, ಆ ಪರದೆ ಇನ್ನಷ್ಟು ಮುಚ್ಚಿಕೊಳ್ಳಬಹುದು. ಆಗ ಬೇಕಿರುವುದು ಬಲೂನ್ ಸೆಪ್ಟಾಸ್ಟಮಿ: ಹೊಕ್ಕುಳಿನ ಅಥವಾ ತೊಡೆಯ ಸಿರೆಯಿಂದ ಕ್ಯಾಥೆಟರನ್ನು ಎಡ ಹೃತ್ಕರ್ಣಕ್ಕೆ ದಾಟಿಸಿ, ಬಲೂನ್ ಉಬ್ಬಿಸಿ, ಒಂದೇ ಜಗ್ಗಿಗೆ ಬಲಕ್ಕೆ ಎಳೆದು ಪರದೆ ಹರಿಯುವುದು. 1966ರಿಂದಲೂ ಇರುವ ವಿಧಾನ, ಎಕೊ ನೋಡಿಕೊಂಡು ಹಾಸಿಗೆಯ ಬಳಿಯೇ ಮಾಡಬಹುದು. ಆದ್ದರಿಂದ ಹೊಕ್ಕುಳ ಸಿರೆಯ ಲೈನನ್ನು ಆತುರದಲ್ಲಿ ಕೆಡಿಸಿಕೊಳ್ಳಬೇಡಿ.

ಪ್ರೋಬ್‌ಕೈ
ಹಾಗಾದರೆ ಸಿಸೇರಿಯನ್ ಮಾಡಿ 37 ವಾರಕ್ಕೇ ತೆಗೆಯುವುದು ಒಳ್ಳೆಯದಲ್ಲವೇ?

ಎಕೊಮೇಜು
ಅಲ್ಲ. ಟಿಜಿಎ ಒಂದೇ ಸಿಸೇರಿಯನ್‌ಗೆ ಕಾರಣವಾಗುವುದಿಲ್ಲ, ಮಗುವಿಗೆ 39 ವಾರದವರೆಗಿನ ತೂಕ ಬೇಕು. ಯಾವಾಗ, ಹೇಗೆ ಎನ್ನುವುದಕ್ಕಿಂತ ಎಲ್ಲಿ ಎನ್ನುವುದು ದೊಡ್ಡದು. ಸೆಪ್ಟಾಸ್ಟಮಿ ಮಾಡುವವರು ಅದೇ ಕಟ್ಟಡದಲ್ಲಿರಬೇಕು. ತಾಯಿಯ ಹೊಟ್ಟೆಗಿಂತ ಒಳ್ಳೆಯ ಸಾಗಣೆ ವಾಹನ ಬೇರೆ ಇಲ್ಲ.

ಸಣ್ಣ_ಹೊಲಿಗೆ
ಶಸ್ತ್ರಚಿಕಿತ್ಸೆಯ ಕಡೆಯಿಂದ ಎರಡು ಮಾತು. ಆರ್ಟೀರಿಯಲ್ ಸ್ವಿಚ್ (ಎರಡು ನಾಳಗಳನ್ನು ಸರಿಯಾದ ಕುಕ್ಷಿಗೆ ಬದಲಿಸಿ ಹೊಲಿಯುವ ಆಪರೇಷನ್) ಸಾಮಾನ್ಯವಾಗಿ ಮೊದಲ ಎರಡು ವಾರದೊಳಗೆ. ತಡವಾದರೆ ಕಡಿಮೆ ಒತ್ತಡದ ಶ್ವಾಸಕೋಶಕ್ಕೆ ರಕ್ತ ತಳ್ಳಿ ತಳ್ಳಿ ಎಡ ಕುಕ್ಷಿಯ ಸ್ನಾಯು ತೆಳುವಾಗುತ್ತದೆ, ಆಮೇಲೆ ಇಡೀ ದೇಹದ ಒತ್ತಡ ಹೊರಲು ಅದಕ್ಕೆ ಆಗದು. ನಾಳಗಳನ್ನು ಅದಲುಬದಲು ಮಾಡುವುದಕ್ಕಿಂತ ಕೊರೋನರಿಗಳನ್ನು (ಹೃದಯಕ್ಕೇ ರಕ್ತ ಕೊಡುವ ನಾಳಗಳು) ಬೇರು ಸಮೇತ ಕಿತ್ತು ಹೊಸ ಜಾಗದಲ್ಲಿ ಕೂರಿಸುವುದೇ ಕಷ್ಟ: ಒಂದಿಷ್ಟು ತಿರುಚಿದರೂ, ಬಿಗಿಯಾದರೂ ಹೃದಯಸ್ನಾಯುವಿಗೆ ರಕ್ತ ಸಿಗದು. ಹಾಗಾಗಿ ಹುಟ್ಟಿದ ಮೇಲಿನ ಎಕೊದಲ್ಲಿ ಕೊರೋನರಿಗಳು ಎಲ್ಲಿಂದ ಹೊರಡುತ್ತವೆ, ಯಾವುದಾದರೂ ಮಹಾಪಧಮನಿಯ ಗೋಡೆಯೊಳಗೇ ಸಾಗಿದೆಯೇ ಎಂದು ಬರೆದು ಕಳಿಸಿ. ಕುಕ್ಷಿಗಳ ನಡುವಿನ ರಂಧ್ರದ ಜೊತೆ ಪಲ್ಮನರಿ ದಾರಿಯಲ್ಲಿ ದೊಡ್ಡ ಅಡ್ಡಿಯೂ ಇದ್ದರೆ ಈ ಆಪರೇಷನ್ನೇ ಹೊಂದದಿರಬಹುದು, ಆ ಮಕ್ಕಳ ಯೋಜನೆ ಬೇರೆ.